ಜೆಮ್‌ಶೆಡ್‌ಜಿ ಟಾಟಾ: ಮೂವತ್ತು ಲಕ್ಷ ರೂಪಾಯಿಯ ಲೆಕ್ಕ

ಬೆಂಗಳೂರಿನ ಮಲ್ಲೇಶ್ವರ, ಯಶವಂತಪುರದ ಕಡೆಯ ಹಳಬರನ್ನು ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲಿದೆ ಎಂದು ಕೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದರೆ ತಕ್ಷಣ ಕೈ ತೋರಿಸುತ್ತಾರೆ. ಆದರೆ ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ಟಾಟಾ ಎಂಬ ಪದವಿಲ್ಲ. ಹಣ ಕೊಟ್ಟವರು ತಮ್ಮ ಹೆಸರಿಡಬೇಕೆಂದು ಕೇಳಲಿಲ್ಲ. ಜನ ತಾವಾಗಿಯೇ ಆ ಹೆಸರನ್ನು ಉಳಿಸಿಕೊಂಡರು.

ಸಮಾಜ ವಿಜ್ಞಾನದ ಬೋಧನಾಭ್ಯಾಸದಲ್ಲಿ ಜೆಮ್‌ಶೆಡ್‌ಜಿ ಟಾಟಾ ಅವರ ಬದುಕು ಮತ್ತೆ ಮತ್ತೆ ಬರುತ್ತದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಅಂಥ ಪಾಠಗಳನ್ನು ನಾನು ಅನೇಕ ಸಲ ವೀಕ್ಷಿಸಿದ್ದೇನೆ. ಹೆಚ್ಚಿನವು ಜನ್ಮದಿನಾಂಕದಿಂದ ಆರಂಭವಾಗಿ ಉಕ್ಕು, ವಿದ್ಯುತ್, ಹೋಟೆಲ್, ವಿಜ್ಞಾನ ಸಂಸ್ಥೆ ಎಂಬ ನಾಲ್ಕು ಅಂಶಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದರೊಂದಿಗೆ ಮುಗಿಯುತ್ತವೆ. ಮಕ್ಕಳು ಬರೆದುಕೊಳ್ಳುತ್ತಾರೆ. ಒಬ್ಬ ವ್ಯಾಪಾರಿ ತನ್ನ ಸಂಪತ್ತಿನ ಸುಮಾರು ಅರ್ಧವನ್ನು ಒಂದು ವಿಶ್ವವಿದ್ಯಾಲಯಕ್ಕೆಂದು ಏಕೆ ತೆಗೆದಿಟ್ಟ, ಅದನ್ನು ಸ್ವೀಕರಿಸಲು ಸರ್ಕಾರಕ್ಕೆ ಏಕೆ ಅಷ್ಟು ವರ್ಷ ಬೇಕಾಯಿತು ಎಂಬ ಪ್ರಶ್ನೆ ಮಾತ್ರ ತರಗತಿಗೆ ಬರುವುದೇ ಇಲ್ಲ. ಈ ಬರಹದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ. ಉಕ್ಕು ಮತ್ತು ಹೋಟೆಲಿನ ಕಥೆ ಪಠ್ಯಪುಸ್ತಕದಲ್ಲಿ ಸಾಕಷ್ಟಿದೆ.

ಜೆಮ್‌ಶೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಅದು ಪಾರ್ಸಿ ಪುರೋಹಿತರ ಮನೆತನ. ತಲೆಮಾರುಗಳಿಂದ ಬಂದ ಪೌರೋಹಿತ್ಯ ಬಿಟ್ಟು ವ್ಯಾಪಾರಕ್ಕೆ ಇಳಿದವರಲ್ಲಿ ತಂದೆ ನಸರ್‌ವಾನ್‌ಜಿ ಮೊದಲಿಗರು. ಮಗನೂ ಹದಿಮೂರು ಹದಿನಾಲ್ಕರ ವಯಸ್ಸಿಗೆ ಮುಂಬಯಿಗೆ ಬಂದು, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ವ್ಯಾಸಂಗ ಮುಗಿಸಿದ. ಮುಂಬಯಿ, ಕಲಕತ್ತಾ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ಆ ವಿಶ್ವವಿದ್ಯಾಲಯಗಳು ಪಾಠ ಹೇಳುತ್ತಿರಲಿಲ್ಲ, ಸಂಶೋಧನೆ ಮಾಡುತ್ತಿರಲಿಲ್ಲ. ಕಾಲೇಜುಗಳು ಕಲಿಸಿದ್ದನ್ನು ಪರೀಕ್ಷೆ ಮಾಡಿ ಪದವಿ ಕೊಡುವುದಷ್ಟೇ ಅವುಗಳ ಕೆಲಸ. ಪ್ರಶಿಕ್ಷಣಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಟಾಟಾ ಹಣ ಹಾಕಲು ಹೊರಟದ್ದು ಈ ಕೊರತೆಯನ್ನು ತುಂಬುವುದಕ್ಕೆ.

1859ರಲ್ಲಿ ತಂದೆ ಅವರನ್ನು ಹಾಂಗ್‌ಕಾಂಗ್‌ಗೆ ಕಳುಹಿಸಿದರು. ಚೀನಾದೊಂದಿಗಿನ ಅಂದಿನ ವ್ಯಾಪಾರವೆಂದರೆ ಹತ್ತಿ ಮತ್ತು ಅಫೀಮು. ಟಾಟಾ ಮನೆಯ ವ್ಯಾಪಾರದಲ್ಲೂ ಎರಡೂ ಇದ್ದವು. ಆ ಕಾಲಕ್ಕೆ ಅದು ಕಾನೂನುಬದ್ಧ ವ್ಯಾಪಾರ, ಬ್ರಿಟಿಷ್ ಸರ್ಕಾರವೇ ಅದರ ದೊಡ್ಡ ಲಾಭಗಾರ. ಮಹಾಪುರುಷರ ಪಾಠದಲ್ಲಿ ಇಂಥದ್ದನ್ನು ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ. ಬಿಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂಬತ್ತನೆಯ ತರಗತಿಯ ಮಕ್ಕಳು ಅಫೀಮು ಯುದ್ಧದ ಬಗ್ಗೆ ಕೇಳಿರುತ್ತಾರೆ. ಎರಡನ್ನೂ ಜೋಡಿಸಿ ಕೇಳುವ ಮಗು ಎದ್ದು ನಿಂತರೆ ಶಿಕ್ಷಕ ತಡವರಿಸಬಾರದು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಹತ್ತಿ ಲ್ಯಾಂಕಾಷೈರಿಗೆ ಬಾರದೆ ಮುಂಬಯಿ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ನಿಂತದ್ದೇ ತಡ, ಬೆಲೆ ಕುಸಿದು ಮುಂಬಯಿಯ ಮನೆತನಗಳು ಸಾಲುಸಾಲಾಗಿ ದಿವಾಳಿಯಾದವು. ಆಗ ಜೆಮ್‌ಶೆಡ್‌ಜಿ ಲಂಡನ್ನಿನಲ್ಲಿದ್ದರು. ಕೈಯಲ್ಲಿದ್ದ ಹುಂಡಿಗಳಿಗೆ ಕಾಗದದ ಬೆಲೆಯೂ ಉಳಿದಿರಲಿಲ್ಲ. ಅವರು ಸಾಲ ಕೊಟ್ಟವರ ಮುಂದೆ ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಇಟ್ಟು, ಲೆಕ್ಕ ತೀರಿಸುವ ಕೆಲಸದಲ್ಲಿ ಅವರೊಂದಿಗೇ ನಿಂತರು. ಊರಿನಲ್ಲಿ ತಂದೆ ಮನೆ ಮಾರಬೇಕಾಯಿತು. ಮೂರು ವರ್ಷದ ನಂತರ, 1868ರಲ್ಲಿ, 21,000 ರೂಪಾಯಿ ಬಂಡವಾಳದಲ್ಲಿ ತಮ್ಮದೇ ವ್ಯಾಪಾರ ಆರಂಭಿಸಿದರು.

ಅಲ್ಲಿಂದ ಮುಂದಿನದು ಗಿರಣಿಗಳ ಕಥೆ. ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿ ಮುಳುಗಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಹತ್ತಿ ಗಿರಣಿ ಮಾಡಿ ಲಾಭಕ್ಕೆ ಮಾರಿದರು. ಲ್ಯಾಂಕಾಷೈರಿಗೆ ಹೋಗಿ ಜವಳಿ ಉದ್ಯಮವನ್ನು ಹತ್ತಿರದಿಂದ ನೋಡಿ ಬಂದರು. ಎಲ್ಲರೂ ಮುಂಬಯಿಯಲ್ಲಿ ಗಿರಣಿ ಹಾಕುತ್ತಿದ್ದಾಗ ಇವರು ಹತ್ತಿ ಬೆಳೆಯುವ ಸೀಮೆಯ ನಡುವಿದ್ದ ನಾಗಪುರವನ್ನು ಆರಿಸಿಕೊಂಡರು. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿಯೆಂದು ಘೋಷಣೆಯಾದ ದಿನವೇ, ಎಂಪ್ರೆಸ್ ಮಿಲ್ ಆರಂಭವಾಯಿತು. ಅಲ್ಲಿ ಕೂಲಿಕಾರರಿಗೆ 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂದವು. ಕಾರ್ಮಿಕ ಪರಿಹಾರ ಕಾಯಿದೆ ನಮ್ಮಲ್ಲಿ ಬಂದದ್ದು 1923ರಲ್ಲಿ, ಭವಿಷ್ಯನಿಧಿ ಕಾಯಿದೆ 1952ರಲ್ಲಿ. ಈ ನಾಲ್ಕು ಇಸವಿಗಳನ್ನು ಒಂದು ಕಾಲರೇಖೆಯ ಮೇಲೆ ಬರೆಯಿಸಿದರೆ ಸಾಕು, ಹೆಚ್ಚಿನ ವಿವರಣೆ ಬೇಡ.

ಈಗ ಕೊಡುಗೆಯ ವಿಷಯಕ್ಕೆ ಬರುತ್ತೇನೆ. ದಾನ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಅನ್ನಛತ್ರ, ಕೆರೆಕಟ್ಟೆ, ಬಡ ಹುಡುಗರಿಗೆ ಪುಸ್ತಕ. ಟಾಟಾ ಅದನ್ನು ಅಲ್ಲಗಳೆಯಲಿಲ್ಲ, ಮಾಡಲೂ ಮಾಡಿದರು. ಆದರೆ ಹರಿದ ಬಟ್ಟೆಗೆ ತೇಪೆ ಹಾಕುವಂಥ ದಾನಕ್ಕಿಂತ ಸಮಾಜದಲ್ಲಿ ಅತ್ಯಂತ ಶಕ್ತರಾದವರನ್ನು ಇನ್ನೂ ಮೇಲಕ್ಕೆ ಎತ್ತುವುದರಿಂದ ದೇಶಕ್ಕೆ ಹೆಚ್ಚು ಪ್ರಯೋಜನ ಎಂಬುದು ಅವರ ನಿಲುವಾಗಿತ್ತು. 1892ರಲ್ಲಿ ಅವರು ಸ್ಥಾಪಿಸಿದ ದತ್ತಿ ಈ ನಿಲುವಿನ ಮೊದಲ ರೂಪ. ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ಹೋಗುವ ಪ್ರತಿಭಾವಂತರಿಗೆ ಅದು ಹಣ ಕೊಡುತ್ತಿತ್ತು, ಆದರೆ ಸಾಲವಾಗಿ. ಓದು ಮುಗಿಸಿ ಸಂಪಾದನೆ ಆರಂಭವಾದ ಮೇಲೆ ಹಿಂದಿರುಗಿಸಬೇಕು; ಆ ಹಣ ಇನ್ನೊಬ್ಬರ ಓದಿಗೆ ಹೋಗುತ್ತದೆ. ಮೊದಮೊದಲು ನೆರವು ಪಡೆದವರಲ್ಲಿ ವೈದ್ಯೆಯೊಬ್ಬರಿದ್ದರು ಎಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಮುಂದೆ ಇದೇ ದತ್ತಿಯಿಂದ ಓದಿದವರಲ್ಲಿ ನಮ್ಮ ತುಮಕೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ, ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಇದ್ದಾರೆ.

ಈ ನಿಲುವು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ ಎಂದು ಇಲ್ಲಿಯೇ ಹೇಳಿಬಿಡಬೇಕು. ಶಿಕ್ಷಕರ ಕೆಲಸ ಇರುವುದು ಮುಂದಿನ ಸಾಲಿನ ಮೂವರು ಜಾಣರೊಂದಿಗೆ ಮಾತ್ರವಲ್ಲ. ಓದಲು ಬಾರದ ಐದನೆಯ ತರಗತಿಯ ಮಗುವಿಗೆ ಅಕ್ಷರ ಹಿಡಿಸುವ ಕೆಲಸವನ್ನು ತೇಪೆ ಎಂದರೆ ನಾವು ಬಿ.ಎಡ್. ಕಾಲೇಜಿಗೆ ಬೀಗ ಹಾಕಬೇಕಾಗುತ್ತದೆ. ಆದರೆ ಟಾಟಾ ಮಾತನಾಡುತ್ತಿದ್ದ ಸಂದರ್ಭ ಬೇರೆ. ಇಡೀ ದೇಶದಲ್ಲಿ ಪದವಿಯ ನಂತರ ವಿಜ್ಞಾನದಲ್ಲಿ ಮುಂದೆ ಕಲಿಯಲು ಒಂದು ನೆಲೆಯಿರಲಿಲ್ಲ. ಗಿರಣಿಗೆ ಬೇಕಾದ ಎಂಜಿನಿಯರ್, ಬಣ್ಣ ಹಾಕಲು ಬೇಕಾದ ರಸಾಯನಶಾಸ್ತ್ರಜ್ಞ ಎಲ್ಲರೂ ಹಡಗಿನಲ್ಲಿ ಬರಬೇಕಿತ್ತು. ತಳಹಂತದ ಶಾಲೆ ಸರ್ಕಾರದ ಹೊಣೆ, ತುದಿಯ ಕಟ್ಟಡಕ್ಕೆ ಮಾತ್ರ ಯಾರೂ ಹೊಣೆಯಲ್ಲ ಎಂಬ ಸ್ಥಿತಿ. ಪ್ರಶಿಕ್ಷಣಾರ್ಥಿಗಳು ಈ ಎರಡು ಬದಿಗಳನ್ನೂ ತರಗತಿಯ ಮುಂದಿಟ್ಟು ಚರ್ಚೆಗೆ ಬಿಡಲಿ. ಹತ್ತನೆಯ ತರಗತಿಯ ಮಕ್ಕಳು ಇದನ್ನು ಚೆನ್ನಾಗಿಯೇ ವಾದಿಸಬಲ್ಲರು.

ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳಿಂದ ವಿದ್ವಾಂಸರು ಹುಟ್ಟುವುದಿಲ್ಲ, ಕಲಿಸುವ ಕೆಲಸವೂ ಅಲ್ಲಿಯೇ ನಡೆಯಬೇಕು ಎಂಬ ಮಾತನ್ನು ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ರೇ 1889ರಲ್ಲಿ ಆಡಿದ್ದರು. ಟಾಟಾ ಅವರ ಮನಸ್ಸಿನಲ್ಲಿ ಅದು ಉಳಿಯಿತು. 1893ರಲ್ಲಿ ಜಪಾನಿನಿಂದ ಅಮೆರಿಕ ಖಂಡಕ್ಕೆ ಹೊರಟ ಹಡಗಿನಲ್ಲಿ ಸ್ವಾಮಿ ವಿವೇಕಾನಂದರು ಸಹಪ್ರಯಾಣಿಕರಾಗಿ ಸಿಕ್ಕರು. ವಿವೇಕಾನಂದರು ಹೊರಟಿದ್ದುದು ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ. ಐದು ವರ್ಷದ ನಂತರ, 1898ರ ನವೆಂಬರಿನಲ್ಲಿ, ಟಾಟಾ ಅವರಿಗೆ ಪತ್ರ ಬರೆದು ಆ ಪ್ರಯಾಣವನ್ನು ನೆನಪಿಸಿದರು. ದೇಶದಲ್ಲಿ ಮತ್ತೆ ಚಿಗುರುತ್ತಿದ್ದ ವೈರಾಗ್ಯದ ಭಾವನೆಯನ್ನು ವಿಜ್ಞಾನದ ಅಧ್ಯಯನದ ಕಡೆಗೆ ತಿರುಗಿಸಲು ಸಾಧ್ಯವೇ, ಇಂಥ ಕೆಲಸಕ್ಕೆ ವಿವೇಕಾನಂದರು ಮುಂದಾಗುವರೇ ಎಂಬುದು ಪತ್ರದ ಸಾರ. ಸಂಸ್ಥೆಯ ನೇತೃತ್ವ ವಿವೇಕಾನಂದರಿಂದ ಆಗಲಿಲ್ಲ, ಆದರೆ 1899ರಲ್ಲಿ ಅವರ ಬಳಗದ ಪ್ರಬುದ್ಧ ಭಾರತ ಪತ್ರಿಕೆ ಯೋಜನೆಯನ್ನು ಬಲವಾಗಿ ಬೆಂಬಲಿಸಿತು. ಸೋದರಿ ನಿವೇದಿತಾ ಅದರ ಪರವಾಗಿ ದನಿಯೆತ್ತಿದರು.

ಅದೇ ವರ್ಷ, 1898ರಲ್ಲಿ, ಟಾಟಾ ತಮ್ಮ ಕೊಡುಗೆಯನ್ನು ಬಹಿರಂಗವಾಗಿ ಘೋಷಿಸಿದರು. ಮುಂಬಯಿಯಲ್ಲಿದ್ದ 14 ಕಟ್ಟಡಗಳು ಮತ್ತು 4 ಜಮೀನುಗಳು, ಬೆಲೆ ಸುಮಾರು 30 ಲಕ್ಷ ರೂಪಾಯಿ, ವರ್ಷದ ಆದಾಯ ಸುಮಾರು 1.25 ಲಕ್ಷ. ಗಣಿತದ ಪ್ರಶಿಕ್ಷಣಾರ್ಥಿಗಳಿಗೂ ಇಲ್ಲಿ ಕೆಲಸವಿದೆ: ಆಸ್ತಿಯ ಮೇಲೆ ಆದಾಯ ಶೇಕಡಾ ಎಷ್ಟು? ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಇದರ ಅರ್ಥವೇನು? ಒಂದೇ ಸಲ ಖರ್ಚಾಗಿ ಮುಗಿಯುವ ಹಣವನ್ನು ಅವರು ಕೊಡಲಿಲ್ಲ. ಬಾಡಿಗೆ ಬರುತ್ತಲೇ ಇರುವ ಮನೆಗಳನ್ನು ಕೊಟ್ಟರು. ಗಿರಣಿಯ ಲೆಕ್ಕ ಬರೆದ ಕೈ ಇಲ್ಲಿಯೂ ಕಾಣುತ್ತದೆ. ದತ್ತಿ ಎಂಬ ಪದದ ಅರ್ಥವನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಯೋಜನೆ ಸಿದ್ಧಪಡಿಸಿದವರು ಬರ್ಜೋರ್ಜಿ ಪಾದ್‌ಶಾ. ಟಾಟಾ ಅವರನ್ನು ಯುರೋಪ್ ಮತ್ತು ಅಮೆರಿಕಕ್ಕೆ ಕಳುಹಿಸಿ ಅಲ್ಲಿನ ವಿಶ್ವವಿದ್ಯಾಲಯಗಳನ್ನು ನೋಡಿಸಿದರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಪಾದ್‌ಶಾ ಅವರ ಮನಸ್ಸನ್ನು ಹಿಡಿಯಿತು. ಅದೂ ಒಬ್ಬ ವ್ಯಾಪಾರಿಯ ಹಣದಿಂದ ಎದ್ದದ್ದು, ಸಂಶೋಧನೆಯನ್ನೇ ಮುಖ್ಯ ಕೆಲಸವಾಗಿ ಇಟ್ಟುಕೊಂಡದ್ದು. ಪಾದ್‌ಶಾ ತಂದ ನಕ್ಷೆಯಲ್ಲಿ ಮೂರು ವಿಭಾಗಗಳಿದ್ದವು: ವಿಜ್ಞಾನ ಮತ್ತು ತಂತ್ರಜ್ಞಾನ, ವೈದ್ಯಕೀಯ, ಮೂರನೆಯದು ತತ್ತ್ವಶಾಸ್ತ್ರ ಮತ್ತು ಶಿಕ್ಷಣ. ಈ ಮೂರನೆಯದನ್ನು ನಮ್ಮ ಓದುಗರು ಗಮನಿಸಬೇಕು. ಬೋಧನಾ ವಿಧಾನಗಳು, ನೀತಿಶಾಸ್ತ್ರ, ಮನೋವಿಜ್ಞಾನ, ಭಾರತದ ಇತಿಹಾಸ, ಅರ್ಥಶಾಸ್ತ್ರ ಇವೆಲ್ಲ ಅದರೊಳಗೆ ಸೇರಿದ್ದವು. ಅಂದರೆ ರಸಾಯನಶಾಸ್ತ್ರದ ಪ್ರಯೋಗಶಾಲೆಯ ಪಕ್ಕದಲ್ಲಿಯೇ ಕಲಿಸುವುದು ಹೇಗೆ ಎಂಬುದನ್ನೂ ಸಂಶೋಧನೆಯ ವಿಷಯವಾಗಿ ಇಡುವ ಆಲೋಚನೆ ಅಲ್ಲಿತ್ತು.

1898ರ ಡಿಸೆಂಬರ್ 31ರಂದು, ಹೊಸ ವೈಸರಾಯ್ ಲಾರ್ಡ್ ಕರ್ಜನ್ ಮುಂಬಯಿಗೆ ಬಂದಿಳಿದ ಮರುದಿನವೇ, ನಿಯೋಗವೊಂದು ಯೋಜನೆಯನ್ನು ಅವರ ಮುಂದಿಟ್ಟಿತು. ಕರ್ಜನ್ ಉತ್ಸಾಹ ತೋರಲಿಲ್ಲ. ಇಷ್ಟು ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿಗಳು ಸಿಗುತ್ತಾರೆಯೇ, ಓದಿ ಹೊರಬಂದವರಿಗೆ ಉದ್ಯೋಗ ಎಲ್ಲಿ, ಈ ಹಣ ಇಷ್ಟು ದೊಡ್ಡ ಯೋಜನೆಗೆ ಸಾಲುತ್ತದೆಯೇ? ನಮ್ಮ ಪಾಠಗಳಲ್ಲಿ ಕರ್ಜನ್ ಸಿನಿಮಾದ ಖಳನಾಯಕನಂತೆ ಬರುತ್ತಾನೆ. ಬಂಗಾಳ ವಿಭಜನೆಯ ಮಟ್ಟಿಗೆ ಅದು ಸರಿಯಿರಬಹುದು, ಇಲ್ಲಿ ಮಾತ್ರ ಅವನ ಪ್ರಶ್ನೆಗಳು ತೀರ ಅಸಂಬದ್ಧವಲ್ಲ. ಉದ್ಯೋಗ ಎಲ್ಲಿ ಎಂಬ ಪ್ರಶ್ನೆಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳೇ ನನ್ನನ್ನು ಪ್ರತಿ ವರ್ಷ ಕೇಳುತ್ತಾರೆ. ಇನ್ನೊಂದು ತೊಡಕು ಟಾಟಾ ಅವರ ಕಡೆಯಿಂದಲೇ ಬಂದದ್ದು. ಕುಟುಂಬದ ಆಸ್ತಿ ವ್ಯವಸ್ಥೆಯನ್ನೂ ಈ ದತ್ತಿಯನ್ನೂ ಒಂದಕ್ಕೊಂದು ಜೋಡಿಸಬೇಕೆಂಬ ಇಚ್ಛೆ ಅವರಿಗಿತ್ತು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಅವರು ಆ ಇಚ್ಛೆಯನ್ನು ಕೈಬಿಟ್ಟರು.

ಸರ್ಕಾರದ ಕೋರಿಕೆಯಂತೆ ಲಂಡನ್ನಿನಿಂದ ವಿಲಿಯಂ ರಾಮ್ಸೇ ಬಂದರು. ಆರ್ಗಾನ್ ಮೊದಲಾದ ಜಡಾನಿಲಗಳನ್ನು ಕಂಡುಹಿಡಿದ, 1904ರಲ್ಲಿ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ. ದೇಶ ಸುತ್ತಿ ನೋಡಿದ ಅವರು ಬೆಂಗಳೂರು ಸೂಕ್ತ ಎಂದರು. ಹವೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮೈಸೂರು ಸಂಸ್ಥಾನ ತೆರೆದ ಕೈಯಲ್ಲಿ ನಿಂತಿದ್ದುದು. ಚಾಮರಾಜೇಂದ್ರ ಒಡೆಯರು 1894ರ ಕೊನೆಯಲ್ಲಿ ತೀರಿಕೊಂಡ ಮೇಲೆ ಮಗ ಚಿಕ್ಕವನಾಗಿದ್ದರಿಂದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ ಅವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದರು, ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಸಂಸ್ಥಾನ 371 ಎಕರೆ ನೆಲ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ಜೊತೆಗೆ ವರ್ಷಾಶನ ಕೊಡಲು ಮುಂದೆ ಬಂತು. ಬ್ರಿಟಿಷ್ ಸರ್ಕಾರ ಇನ್ನೂ ಲೆಕ್ಕ ಹಾಕುತ್ತಿದ್ದಾಗ ದೇಶೀ ಸಂಸ್ಥಾನವೊಂದು, ಅದೂ ವಿಧವೆ ರಾಣಿಯೊಬ್ಬರ ಆಡಳಿತದಲ್ಲಿ, ಮಾತು ಕೊಟ್ಟಿತು. ಟಾಟಾ ಅವರ ಪಾಠದಲ್ಲಿ ಈ ತಾಯಿಯ ಹೆಸರು ಬಾರದೆ ಹೋಗುವುದು ನನಗೆ ಅತ್ಯಂತ ದೊಡ್ಡ ಲೋಪವಾಗಿ ಕಾಣುತ್ತದೆ. ಹಣ ಕೊಟ್ಟವರಷ್ಟೇ ನೆಲ ಕೊಟ್ಟವರೂ ಮುಖ್ಯ.

ಮೈಸೂರು ಟಾಟಾ ಅವರಿಗೆ ಹೊಸ ಊರೇನಲ್ಲ. ಜಪಾನಿನಲ್ಲಿ ಕಂಡ ರೇಷ್ಮೆ ಕೃಷಿಯನ್ನು ಇಲ್ಲಿ ಬೆಳೆಸಬೇಕೆಂದು ಜಪಾನಿ ತಜ್ಞರನ್ನು ಕರೆಸಿ, ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಈಗಲೂ ಇದೆ, ಹಿಪ್ಪುನೇರಳೆ ಗಿಡ ಮಾತ್ರ ಇಲ್ಲ. ಬೆಂಗಳೂರಿನ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವವರು ಪಾಠದ ಪೀಠಿಕೆಗೆ ಈ ಹೆಸರನ್ನು ಬಳಸಿಕೊಳ್ಳಬಹುದು. ದಿನವೂ ಬಸ್ಸಿನಲ್ಲಿ ಕೇಳುವ ಹೆಸರಿನ ಹಿಂದೆ ಏನಿದೆ ಎಂದರೆ ಮಕ್ಕಳ ಕಿವಿ ನಿಮಿರುತ್ತದೆ.

ರಾಮ್ಸೇ ಅವರ ವರದಿಯ ನಂತರ 1901ರಲ್ಲಿ ಇನ್ನೊಂದು ಸಮಿತಿ ಬಂತು, ಪತ್ರ ವ್ಯವಹಾರ ಬೆಳೆಯಿತು. ಒಂದೊಂದು ವರದಿಯ ನಂತರವೂ ಯೋಜನೆ ಕಿರಿದಾಗುತ್ತ ಹೋಯಿತು. ವೈದ್ಯಕೀಯ ಹೋಯಿತು. ತತ್ತ್ವಶಾಸ್ತ್ರದೊಂದಿಗೆ ಶಿಕ್ಷಣವೂ ಹೋಯಿತು. ಕೈಗಾರಿಕೆಗೆ ನೇರವಾಗಿ ಉಪಯೋಗಕ್ಕೆ ಬರುವುದಷ್ಟೇ ಉಳಿಯಿತು. ಇಷ್ಟರಲ್ಲಿ ಟಾಟಾ ಅವರ ಆರೋಗ್ಯ ಕುಸಿದಿತ್ತು. 1903ರ ಡಿಸೆಂಬರಿನಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲ್ ತೆರೆದದ್ದನ್ನು ಅವರು ಕಂಡರು. ಉಕ್ಕಿನ ಕಾರ್ಖಾನೆ, ಜಲವಿದ್ಯುತ್, ವಿಶ್ವವಿದ್ಯಾಲಯ ಮೂರನ್ನೂ ಕಾಣಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಕೊಟ್ಟವನು ಸತ್ತ ಮೇಲೆ ಕೊಡುಗೆಯೂ ಸಾಯುವುದುಂಟು. ಸರ್ಕಾರದ ಒಪ್ಪಿಗೆಯಿಲ್ಲ, ಕಟ್ಟಡವಿಲ್ಲ, ಆಸ್ತಿ ಇನ್ನೂ ಕುಟುಂಬದ ಕೈಯಲ್ಲಿಯೇ ಇತ್ತು. ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಬೇಡವೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ತಂದೆಯ ಮಾತನ್ನು ಉಳಿಸಿದರು. 1905ರಲ್ಲಿ ಕರ್ಜನ್ ಸರ್ಕಾರ ಒಪ್ಪಿತು. ರಾಮ್ಸೇ ಅವರ ಸಹೋದ್ಯೋಗಿಯಾಗಿದ್ದ ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರಾಗಿ 1906ರ ಕೊನೆಗೆ ಬಂದರು. 1907ರಲ್ಲಿ ಮೈಸೂರಿನ ನೆಲ ಬಂತು, 1909ರ ಮೇ 27ರಂದು ಸರ್ಕಾರದ ಆದೇಶ ಹೊರಟಿತು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ತಾಯಿ ಕೊಟ್ಟ ಮಾತಿಗೆ ಮಗ ಕಲ್ಲಿಟ್ಟರು. ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಸೇರಿದಾಗ ಇದ್ದ ವಿಭಾಗಗಳು ಸಾಮಾನ್ಯ ರಸಾಯನಶಾಸ್ತ್ರ, ಅನ್ವಯಿಕ ರಸಾಯನಶಾಸ್ತ್ರ, ವಿದ್ಯುತ್ ತಂತ್ರಜ್ಞಾನ. ವಿಶ್ವವಿದ್ಯಾಲಯಕ್ಕೆ ಸಮಾನವೆಂಬ ಮನ್ನಣೆ ಬರಲು 1958 ಆಗಬೇಕಾಯಿತು.

ಪಾದ್‌ಶಾ ಅವರ ನಕ್ಷೆಯ ಆ ಮೂರನೆಯ ವಿಭಾಗ ನನ್ನನ್ನು ಬಿಡುವುದಿಲ್ಲ. ಅದು ಉಳಿದಿದ್ದರೆ ನಮ್ಮಲ್ಲಿ ಶಿಕ್ಷಕರ ತರಬೇತಿ ಎಂಬುದು ವಿಜ್ಞಾನದ ಪ್ರಯೋಗಶಾಲೆಯ ನೆರೆಮನೆಯಲ್ಲಿ ಬೆಳೆಯುತ್ತಿತ್ತು. ಪಾಠ ಯೋಜನೆಯ ಪುಸ್ತಕ ತುಂಬಿಸುವುದೇ ತರಬೇತಿ ಎಂಬ ಭಾವನೆ ಇಷ್ಟು ಬೇರು ಬಿಡುತ್ತಿರಲಿಲ್ಲವೇನೋ. ಆದರೆ ಸಂಸ್ಥೆ ನಮ್ಮಿಂದ ಪೂರ್ತಿ ದೂರವೇ ಉಳಿದಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಅದರ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ, ಅದರಲ್ಲೂ ಹಳ್ಳಿಗಳಿಂದ ಬಂದವರಿಗೆ, ಅಲ್ಲಿಯೇ ಉಳಿದುಕೊಂಡು ಕೈಯಾರೆ ಪ್ರಯೋಗ ಮಾಡಿ ಕಲಿಯುವ ತರಬೇತಿ ನಡೆಯುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳು ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಗೆ ಹೋಗುವ ಅವಕಾಶವನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ಪಡೆಯಲಿ.